ಪಾಡ್‌ಕಾಸ್ಟ್ ಬರಹ ರೂಪ: ಕಾರಿಗೆ ಎಷ್ಟು ಅಂಕ ಕೊಡಬೇಕು? ಭೂಸನೂರಿನಲ್ಲಿ ನಡೆದ ಒಂದು ರೇಸಿಂಗ್ ಜಗಳ

ಇವತ್ತಿನ ಸಂಚಿಕೆ ಒಂದು ಜಗಳದಿಂದ ಶುರುವಾಗುತ್ತೆ. ಆಳಂದ ತಾಲ್ಲೂಕಿನ ಭೂಸನೂರು ನನ್ನ ಊರು. ದೀಪಾವಳಿಗೆ ಅಂತ ಊರಿಗೆ ಹೋಗಿದ್ದೆ. ನಮ್ಮ ಅಕ್ಕನನ್ನು ಊರಲ್ಲೇ ಕೊಟ್ಟಿರೋದು. ಅವಳ ಮನೆಗೆ ಹೋದರೆ ಅಳಿಯ ಮುಖ ಊದಿಸಿಕೊಂಡು ಕೂತಿದ್ದಾನೆ. ವಯಸ್ಸು ಹದಿನಾಲ್ಕು. ಟಿವಿ ಪಕ್ಕದಲ್ಲಿ ಸೊಲ್ಲಾಪುರದಿಂದ ತಂದ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4. ಅದರ ಮೇಲೆ ಒಂದು ನೂರಿಪ್ಪತ್ತು ಪುಟದ ನೋಟ್‌ಬುಕ್.

"ಯಾಕೋ, ಏನಾತು?" ಅಂದೆ. "ಏನಿಲ್ಲ ಮಾಮಾ" ಅಂದ. ಅಕ್ಕ ಅಡಿಗೆ ಮನೆಯಿಂದಲೇ ಹೇಳಿದಳು: "ಆ ದೊಡ್ಡ ಹುಡುಗಗ ಕಳ್ಳ ಅಂದಾನ. ಅಂವ ನಾಕ್ ದಿನ ಆತು, ಈ ಕಡಿ ಬಂದಿಲ್ಲ."

ವಿಷಯ ಏನಪ್ಪಾ ಅಂದ್ರೆ, ಊರಿನ ಎಂಟು ಹುಡುಗರು ಸೇರಿ ತಲಾ ನೂರು ರೂಪಾಯಿ ಹಾಕಿ 'ಗ್ರ್ಯಾನ್ ಟ್ಯುರಿಸ್ಮೊ 7' ಅನ್ನೋ ಕಾರ್ ರೇಸ್ ಆಟದಲ್ಲಿ ಒಂದು ಶರ್ಯತ್ತು ಇಟ್ಟುಕೊಂಡಿದ್ದರು. ಪ್ಯಾಡ್ ಇರೋದು ಒಂದೇ. ಹಾಗಾಗಿ ಒಬ್ಬೊಬ್ಬರೇ ಸರತಿ ಮೇಲೆ ಓಡಿಸೋದು, ಲ್ಯಾಪ್ ಟೈಮ್ ನೋಟ್‌ಬುಕ್‌ನಲ್ಲಿ ಬರೆಯೋದು. ನಿಯಮ ಒಂದೇ ಸಾಲು: "ಯಾವ ಕಾರಾದರೂ ನಡೀತದ, 450 ಪಿಪಿ ದಾಟಬಾರದು." ನಮ್ಮ ಅಳಿಯ ಇಟ್ಟಿದ್ದು ಸುಜುಕಿ ಸ್ವಿಫ್ಟ್ ಸ್ಪೋರ್ಟ್. ಕಾರಣ ಇಷ್ಟೇ, ಅವರಪ್ಪನ ಹತ್ತಿರ ಬಿಳಿ ಸ್ವಿಫ್ಟ್ ಇದೆ. ದೊಡ್ಡ ಹುಡುಗ, ಹತ್ತೊಂಬತ್ತರವನು, ಇಟ್ಟಿದ್ದು ಮಾಜ್ದಾ ರೋಡ್‌ಸ್ಟರ್. ಅವನ ಕಾರಿನ ಎಂಜಿನ್ ಶಕ್ತಿ ಸ್ವಿಫ್ಟ್‌ಗಿಂತ ಎಷ್ಟೋ ಕಡಿಮೆ, ಆದರೂ ಪ್ರತಿ ದಿನ ಅವನೇ ಮುಂದೆ. ಐದನೇ ದಿನ ಅಳಿಯನ ಬಾಯಿಂದ ಆ ಮಾತು ಬಂತು. ಅವನು ಪ್ಯಾಡ್ ಕೆಳಗಿಟ್ಟು ಎದ್ದು ಹೋದ. ತನ್ನ ನೂರು ರೂಪಾಯಿ ವಾಪಸ್ ಕೇಳಲಿಲ್ಲ.

ಇದರಲ್ಲಿ ಯಾರದ್ದು ಸರಿ? ಅದನ್ನ ಹೇಳಬೇಕಂದ್ರೆ ಮೊದಲು ಈ 'ಪಿಪಿ' ಅಂದ್ರೆ ಏನು ಅಂತ ನೋಡಬೇಕು.

ರೇಸಿಂಗ್ ಆಟಗಳಲ್ಲಿ ಈಗ ನೂರಾರು ಕಾರು ಇರುತ್ತವೆ. ಹಳ್ಳಿ ರಸ್ತೆಯ ಪುಟ್ಟ ಕಾರೂ ಇದೆ, ಲೆ ಮಾನ್ಸ್‌ನಲ್ಲಿ ಓಡುವ ರೇಸ್ ಕಾರೂ ಇದೆ. ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಸ್ಪರ್ಧೆ ಅನ್ನೋದೇ ಇರಲ್ಲ. ಅದಕ್ಕೆ ಪ್ರತಿ ಕಾರಿಗೂ ಒಂದು ಸಂಖ್ಯೆ ಕೊಡ್ತಾರೆ. ಗ್ರ್ಯಾನ್ ಟ್ಯುರಿಸ್ಮೊದಲ್ಲಿ ಅದರ ಹೆಸರು ಪರ್ಫಾರ್ಮೆನ್ಸ್ ಪಾಯಿಂಟ್ಸ್, ಚಿಕ್ಕದಾಗಿ ಪಿಪಿ. ಮೈಕ್ರೋಸಾಫ್ಟ್‌ನ ಫೋರ್ಝಾ ಆಟಗಳಲ್ಲಿ ಪರ್ಫಾರ್ಮೆನ್ಸ್ ಇಂಡೆಕ್ಸ್, ಪಿಐ. ಫೋರ್ಝಾದವರು ಆ ಸಂಖ್ಯೆಯನ್ನು ಕ್ಲಾಸ್‌ಗಳಾಗಿ ಕತ್ತರಿಸುತ್ತಾರೆ. 2021ರಲ್ಲಿ ಬಂದ 'ಫೋರ್ಝಾ ಹೊರೈಝನ್ 5' ತೆಗೆದುಕೊಳ್ಳಿ. 100ರಿಂದ 500ರವರೆಗೆ ಡಿ ಕ್ಲಾಸ್, 600ರವರೆಗೆ ಸಿ, 700ರವರೆಗೆ ಬಿ, 800ರವರೆಗೆ ಎ, 900ರವರೆಗೆ ಎಸ್1, 998ರವರೆಗೆ ಎಸ್2, ಕೊನೆಗೆ 999 ಅಂದ್ರೆ ಎಕ್ಸ್. ಇಲ್ಲೇ ಒಂದು ವಿಚಿತ್ರ ನೋಡಿ. ಮೇಲಿನ ಕ್ಲಾಸ್‌ಗಳೆಲ್ಲ ನೂರು ನೂರು ಅಂಕದ ಅಗಲ, ಕೆಳಗಿನ ಡಿ ಒಂದೇ ನಾನೂರು ಅಂಕದ ಅಗಲ. ಸಣ್ಣ ಕಾರುಗಳ ಜಾತ್ರೆಯನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ ಹಾಗೆ. ಸ್ವಿಫ್ಟ್‌ನಂಥ ಕಾರನ್ನು ಇಷ್ಟಪಡುವ ನಮ್ಮಂಥವರಿಗೆ ಇದು ಸ್ವಲ್ಪ ಬೇಜಾರಿನ ಸಂಗತಿ.

ಫೋರ್ಝಾ ಹೆಸರು ಬಂತಲ್ಲ, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆಕ್ಟಿವ್ ಅನ್ನೋ ಸಂಸ್ಥೆ ಫೋರ್ಝಾ ಸರಣಿಗೂ ಕಲೆಯ ಕೆಲಸ ಮಾಡಿಕೊಟ್ಟಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅಂದ್ರೆ ಈ ಆಟಗಳ ನೋಟದಲ್ಲಿ ಕರ್ನಾಟಕದ ಕೈಯೂ ಇದೆ. ಅಂಕದ ಲೆಕ್ಕ ಮಾತ್ರ ಬೇರೆಯವರದ್ದು.

ಸರಿ, ಆ ಅಂಕ ಹೇಗೆ ಬರುತ್ತೆ? ಕಾರಿನ ಗುಣ ಒಂದಲ್ಲ. ಎಂಜಿನ್ ಶಕ್ತಿ, ತೂಕ, ಟೈರಿನ ಹಿಡಿತ, ಬ್ರೇಕು, ಗಾಳಿಗೆ ಒಡ್ಡಿಕೊಳ್ಳುವ ಮೈ, ಶಕ್ತಿ ಯಾವ ಗಾಲಿಗೆ ಹೋಗುತ್ತೆ ಅನ್ನೋದು. ಫೋರ್ಝಾ ಹೊರೈಝನ್‌ನ ಪರದೆ ಮೇಲೆ ವೇಗ, ಹ್ಯಾಂಡ್ಲಿಂಗ್, ಆ್ಯಕ್ಸಿಲರೇಷನ್, ಲಾಂಚ್, ಬ್ರೇಕಿಂಗ್, ಆಫ್‌ರೋಡ್ ಅಂತ ಆರು ಪಟ್ಟಿ ಕಾಣುತ್ತವೆ. ಇಷ್ಟನ್ನೂ ಹಿಂಡಿ ಒಂದೇ ಸಂಖ್ಯೆ ಮಾಡಬೇಕು. ಗ್ರ್ಯಾನ್ ಟ್ಯುರಿಸ್ಮೊ 7ರಲ್ಲಿ ಕಂಪ್ಯೂಟರೇ ಒಳಗೊಳಗೇ ಆ ಕಾರನ್ನು ಓಡಿಸಿದಂತೆ ಲೆಕ್ಕ ಹಾಕಿ ಅಂಕ ಕೊಡುತ್ತೆ. ಟೈರ್ ಬದಲಿಸಿ, ಅಂಕ ಬದಲಾಗುತ್ತೆ. ಗೇರ್ ಹೊಂದಿಸಿ, ಮತ್ತೆ ಬದಲಾಗುತ್ತೆ.

ನಮ್ಮ ಕಡೆ ಜಾನುವಾರು ಜಾತ್ರೆಯಲ್ಲಿ ಎತ್ತುಗಳಿಗೆ ಬಹುಮಾನ ಕೊಡುವಾಗ ಹಲ್ಲು ನೋಡಿ ವಿಭಾಗ ಮಾಡ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಹಲ್ಲು ಎಣಿಸೋದು ಸುಲಭ, ಯಾರು ಎಣಿಸಿದರೂ ಅಷ್ಟೇ ಬರುತ್ತೆ, ವಾದಕ್ಕೆ ಜಾಗ ಇಲ್ಲ. ಆದರೆ ಹಲ್ಲು ಹೇಳೋದು ವಯಸ್ಸನ್ನ. ಒಂದೇ ಹಲ್ಲಿನ ಎರಡು ಎತ್ತುಗಳಲ್ಲಿ ಒಂದಕ್ಕೆ ಹೆಗಲು ಚೆನ್ನಾಗಿರುತ್ತೆ, ಇನ್ನೊಂದಕ್ಕೆ ಇರಲ್ಲ. ಅಪ್ಪನಿಗೆ ಹುಡುಗರ ಜಗಳದ ಕಥೆ ಹೇಳಿದಾಗ ಅವರು ಕೇಳಿದ್ದೂ ಇದನ್ನೇ: "ನೀವ್ ಎಣಸ್ಲಿಕತ್ತೀರಿ ಖರೇ, ಏನ್ ಎಣಸ್ಲಿಕತ್ತೀರಿ?"

ಕರಾವಳಿಯ ಕಂಬಳದವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಅಂತ ವಿಭಾಗಗಳು. ಕೋಣದ ಹಿಂದೆ ಏನು ಕಟ್ಟಿದೆ ಅನ್ನೋದರ ಮೇಲೆ ಒಂದು ವಿಂಗಡಣೆ, ಹಿರಿಯ ಕಿರಿಯ ಅಂತ ಇನ್ನೊಂದು. ಕನೆಹಲಗೆಯಲ್ಲಂತೂ ಗೆಲುವಿನ ಅಳತೆಯೇ ಬೇರೆ. ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ನಿಶಾನೆ ಮುಟ್ಟಿತು ಅಂತ ನೋಡ್ತಾರೆ, ಯಾರು ಮೊದಲು ಬಂದರು ಅಂತ ಅಲ್ಲ. ಎಲ್ಲವನ್ನೂ ಒಂದೇ ಸಂಖ್ಯೆಗೆ ಇಳಿಸದೆ ಬೇರೆ ಬೇರೆ ಆಟವನ್ನೇ ಮಾಡಿಬಿಟ್ಟಿದ್ದಾರೆ. ವಿಭಾಗ ಮರೆತು ಹೋಲಿಸಿದರೆ ಏನಾಗುತ್ತೆ ಅಂತಲೂ ಕಂಬಳದಲ್ಲೇ ನೋಡಿದ್ದೇವೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಅಂತ ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟು ದೇಶವೆಲ್ಲ ಕುಣಿಯಿತು. ಗೌಡರ ಓಟ ದೊಡ್ಡದೇ. ಆದರೆ ಅಲ್ಲಿ ಮುಂದೆ ಎರಡು ಕೋಣ ಇತ್ತು ಮಾರಾಯ್ರೆ.

ಈಗ ದೊಡ್ಡ ಹುಡುಗನ ಹತ್ತಿರ ಹೋಗೋಣ. ಅವನು ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸ್ತಾನೆ. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಇರೋದು ಕೇಳುಗರಲ್ಲಿ ಹಲವರಿಗೆ ಗೊತ್ತಿರಬಹುದು. ಕಬ್ಬು ನುರಿಸೋದು ಶುರುವಾದರೆ ರಸ್ತೆ ಪಕ್ಕ ಟ್ರ್ಯಾಕ್ಟರ್‌ಗಳ ಸಾಲು. ಅವನು ಪಾಳಿ ಹಚ್ಚಿ ನಿಂತಿದ್ದ. ಹಿಂದೆ ಎರಡು ಟ್ರಾಲಿ ಕಬ್ಬು. ನಾನು ಹೋಗಿ ಮಡ್‌ಗಾರ್ಡ್ ಮೇಲೆ ಕೂತೆ.

"ಅಣ್ಣಾ, ನಾ ಕಳ್ಳತನ ಮಾಡಿಲ್ರಿ. 450 ದಾಟಬಾರದು ಅಂತ ಬರದಾರ. ನಂದು 449 ಅದ. ಎಲ್ಲಿ ತಪ್ಪದ ಹೇಳ್ರಿ."

ಏನು ಮಾಡಿದ್ದೆ ಅಂತ ಕೇಳಿದೆ. ರೋಡ್‌ಸ್ಟರ್ ಮೊದಲೇ ಹಗುರ ಕಾರು. ಅದರ ತೂಕ ಇನ್ನೂ ಇಳಿಸಿದ್ದ. ಮೆತ್ತನೆಯ ಸ್ಪೋರ್ಟ್ಸ್ ಟೈರ್ ಹಾಕಿದ್ದ. ಇವೆರಡರಿಂದ ಅಂಕ ಏರಿತಲ್ಲ, ಅದನ್ನು ಇಳಿಸಲು ಎಂಜಿನ್ ಶಕ್ತಿಯನ್ನೇ ಕತ್ತರಿಸಿದ್ದ. ಆಟದಲ್ಲಿ ಅದಕ್ಕೊಂದು ಬಿಡಿಭಾಗ ಸಿಗುತ್ತೆ, ಪವರ್ ರಿಸ್ಟ್ರಿಕ್ಟರ್. ಬೇರೆ ಹುಡುಗರೆಲ್ಲ ಅಂಕವನ್ನು ಎಂಜಿನ್‌ಗೆ ಖರ್ಚು ಮಾಡಿದರೆ ಇವನು ಟೈರಿಗೆ ಖರ್ಚು ಮಾಡಿದ್ದ. ಯಾಕಪ್ಪಾ ಅಂದ್ರೆ, "ಯರಿ ಹೊಲದಾಗ ಟ್ರ್ಯಾಕ್ಟರ್ ಹೊಡದ್ರ ತಿಳೀತದ್ರಿ. ಎಂಜಿನ್ ಎಷ್ಟರೆ ಇರ್ಲಿ, ಗಾಲಿ ನೆಲ ಹಿಡೀಲಿಲ್ಲಂದ್ರ ನಿಂತಲ್ಲೇ ತಿರಗತದ."

ಯೂಟ್ಯೂಬ್‌ನ ಯಾವ ಟ್ಯೂನಿಂಗ್ ಗುರುವೂ ಹೇಳಿಕೊಟ್ಟಿದ್ದಲ್ಲ ಇದು. ಕಪ್ಪು ಮಣ್ಣು ಹೇಳಿಕೊಟ್ಟಿದ್ದು.

ಲೆಕ್ಕ ಬಿಡಿಸಿ ನೋಡೋಣ. 2017ರ ಸ್ವಿಫ್ಟ್ ಸ್ಪೋರ್ಟ್, ಜಪಾನಿನದ್ದು, 1.4 ಲೀಟರ್ ಟರ್ಬೊ, 140 ಅಶ್ವಶಕ್ತಿ, 970 ಕೆಜಿ. (ನಮ್ಮೂರಲ್ಲಿ ಓಡೋ ಸ್ವಿಫ್ಟ್ ಇದಲ್ಲ. ಅದು 1.2 ಲೀಟರಿನ, ಟರ್ಬೊ ಇಲ್ಲದ್ದು. ಅಳಿಯನಿಗೆ ಇದನ್ನು ಹೇಳೋಕೆ ನನಗೆ ಧೈರ್ಯ ಬರಲಿಲ್ಲ.) ರೋಡ್‌ಸ್ಟರ್ 1.5 ಲೀಟರ್, 131 ಅಶ್ವಶಕ್ತಿ, 990 ಕೆಜಿ. ಕಂಪನಿಯಿಂದ ಬಂದ ಹಾಗೇ ನೋಡಿದರೆ ಟನ್ ತೂಕಕ್ಕೆ ಸ್ವಿಫ್ಟ್‌ದು ಸುಮಾರು 144, ರೋಡ್‌ಸ್ಟರ್‌ದು 132. ಸ್ವಿಫ್ಟೇ ಸ್ವಲ್ಪ ಮುಂದೆ. ಆದರೆ ಸ್ವಿಫ್ಟ್‌ನಲ್ಲಿ ಶಕ್ತಿ ಹೋಗೋದು ಮುಂದಿನ ಗಾಲಿಗೆ, ತಿರುಗಿಸೋದೂ ಅವೇ ಗಾಲಿ. ಒಂದೇ ಎತ್ತು ಗಾಡಿಯನ್ನೂ ಎಳೀಬೇಕು, ದಾರಿಯನ್ನೂ ನೋಡಬೇಕು ಅಂದ ಹಾಗೆ. ಅದಕ್ಕೆ ಇನ್ನಷ್ಟು ಎಂಜಿನ್ ಶಕ್ತಿ ತುಂಬಿದರೆ ತಿರುವಿನಿಂದ ಹೊರಗೆ ಬರುವಾಗ ಮುಂದಿನ ಗಾಲಿ ಜಾರಿ ಕಾರು ಅಗಲಕ್ಕೆ ಹೋಗುತ್ತೆ. ಅಳಿಯ ಮಾಡಿದ್ದು ಅದನ್ನೇ.

ಇನ್ನೊಂದು, ಹುಡುಗರು ಆಡುತ್ತಿದ್ದ ಟ್ರ್ಯಾಕ್ ಸುಕುಬಾ. ಜಪಾನಿನ ಪುಟ್ಟ ಟ್ರ್ಯಾಕ್, ಎರಡು ಕಿಲೋಮೀಟರ್ ಚಿಲ್ಲರೆ, ತಿರುವಿನ ಮೇಲೆ ತಿರುವು. ಅಲ್ಲಿ ಟೈರಿಗೆ ಹಾಕಿದ ಅಂಕ ಪ್ರತಿ ತಿರುವಿನಲ್ಲೂ ದುಡಿಯುತ್ತೆ. ಎಂಜಿನ್‌ಗೆ ಹಾಕಿದ ಅಂಕ ದುಡಿಯೋದು ಒಂದೋ ಎರಡೋ ನೇರ ದಾರಿಯಲ್ಲಿ ಮಾತ್ರ. ಇದನ್ನೇ ತಿರುಗಿಸಿ ನೋಡಿ. ಫ್ರಾನ್ಸ್‌ನ ಲೆ ಮಾನ್ಸ್ ಟ್ರ್ಯಾಕ್ 13.6 ಕಿಲೋಮೀಟರ್. ಅದರಲ್ಲಿ ಸುಮಾರು ಆರು ಕಿಲೋಮೀಟರ್ ಉದ್ದದ ಒಂದೇ ನೇರ ದಾರಿ ಇತ್ತು, ವೇಗ ಮಿತಿಮೀರಿತು ಅಂತ 1990ರಲ್ಲಿ ಅದರ ನಡುವೆ ಎರಡು ಕಡೆ ಅಡ್ಡ ತಿರುವು ಹಾಕಿದರು. ಅಂಥ ಕಡೆ ಗಾಳಿಯದ್ದೇ ಕಾರಬಾರು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಅಲ್ಲಿ ಎಂಜಿನ್ ಕತ್ತರಿಸಿಕೊಂಡ ರೋಡ್‌ಸ್ಟರ್ ಏದುಸಿರು ಬಿಡಲೇಬೇಕು.

ಅಂದ್ರೆ 450 ಅನ್ನೋ ಅಂಕ ಸುಳ್ಳಲ್ಲ. ಅದು ಎಲ್ಲಾ ಟ್ರ್ಯಾಕ್‌ಗಳ ಸರಾಸರಿಯಂಥದ್ದು, ಹುಡುಗರು ಆಡುತ್ತಿದ್ದದ್ದು ಒಂದೇ ಟ್ರ್ಯಾಕ್‌ನಲ್ಲಿ. ಯಾವುದಾದರೂ ಒಂದು ಟ್ರ್ಯಾಕ್ ಗೊತ್ತಾಗಿಬಿಟ್ಟರೆ, ಅಂಕವನ್ನು ಎಲ್ಲಿ ಖರ್ಚು ಮಾಡಬೇಕು ಅಂತಲೂ ಗೊತ್ತಾಗುತ್ತೆ.

ಇದು ವಿಡಿಯೊ ಗೇಮಿನ ಹೊಸ ರೋಗವೂ ಅಲ್ಲ. 1980ರ ದಶಕದ ಗ್ರೂಪ್ ಬಿ ರ‍್ಯಾಲಿ ಕಾರುಗಳ ಕಥೆ ಕೇಳಿ, ನನಗೆ ಬಹಳ ಇಷ್ಟದ್ದು. ಆಗ ಎಂಜಿನ್ನಿನ ಸಿಸಿ ನೋಡಿ ಕನಿಷ್ಠ ತೂಕ ನಿಗದಿ ಮಾಡ್ತಿದ್ದರು. ಟರ್ಬೊ ಇದ್ದರೆ ಸಿಸಿಯನ್ನು 1.4ರಿಂದ ಗುಣಿಸಬೇಕು. ಟರ್ಬೊ ಕೊಡುವ ಲಾಭ ಅಷ್ಟೇ ಇರಬಹುದು ಅಂತ ನಿಯಮ ಬರೆದವರ ಅಂದಾಜು. ಲ್ಯಾನ್ಸಿಯಾದವರು ಏನು ಮಾಡಿದರು? ಡೆಲ್ಟಾ ಎಸ್4 ಕಾರಿಗೆ ಸರಿಯಾಗಿ 1759 ಸಿಸಿ ಎಂಜಿನ್ ಕಟ್ಟಿದರು. 1.4ರಿಂದ ಗುಣಿಸಿದರೆ 2462. ಎರಡೂವರೆ ಸಾವಿರದ ಗೆರೆಯ ಕೆಳಗೆ! ಹಾಗಾಗಿ 890 ಕೆಜಿಗೇ ಕಾರು ಓಡಿಸಬಹುದು. ಪ್ಯೂಜೊದವರ 205 ಟಿ16ದು 1775 ಸಿಸಿ, ಗುಣಿಸಿದರೆ 2485. ಅದೂ ಗೆರೆಯ ಕೆಳಗೆ. ಲ್ಯಾನ್ಸಿಯಾ ಅಷ್ಟಕ್ಕೇ ಬಿಡದೆ ಟರ್ಬೊ ಜೊತೆಗೆ ಸೂಪರ್‌ಚಾರ್ಜರ್ ಕೂಡ ಹಾಕಿತು. 1.4 ಅನ್ನೋ ಅಂದಾಜು ಎಲ್ಲೋ ಹಿಂದೆ ಉಳೀತು, ಕಾರುಗಳು ಎಲ್ಲೋ ಮುಂದೆ ಹೋದವು. 1986ರ ಮೇ ತಿಂಗಳಲ್ಲಿ ಕಾರ್ಸಿಕಾ ರ‍್ಯಾಲಿಯಲ್ಲಿ ಡೆಲ್ಟಾ ಎಸ್4 ಓಡಿಸುತ್ತಿದ್ದ ಹೆನ್ರಿ ಟೊಯಿವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ತೀರಿಕೊಂಡರು. ಆ ವರ್ಷದ ಕೊನೆಗೆ ಗ್ರೂಪ್ ಬಿ ಮುಗಿಯಿತು. ಆಟದಲ್ಲಿ ಕ್ಲಾಸ್ ತಪ್ಪಿದರೆ ಹುಡುಗರು ಮುಖ ಊದಿಸ್ತಾರೆ ಅಷ್ಟೇ. ನಿಜವಾದ ರಸ್ತೆಯಲ್ಲಿ ಅದರ ಬೆಲೆ ಬೇರೆ.

ಗ್ರ್ಯಾನ್ ಟ್ಯುರಿಸ್ಮೊ 7ರಲ್ಲೂ ಇಂಥದ್ದು ನಡೆದಿದೆ. 2022ರ ಮಾರ್ಚ್‌ನಲ್ಲಿ ಆಟ ಬಂದ ಮೇಲೆ ಕೆಲವರು ಡಾಡ್ಜ್ ಟೊಮಾಹಾಕ್ ಅನ್ನೋ ಕಾಲ್ಪನಿಕ ಕಾರನ್ನು ಹಿಡಿದರು. ಎರಡು ಸಾವಿರ ಅಶ್ವಶಕ್ತಿ ದಾಟಿದ ದೈತ್ಯ ಅದು. ಗೇರು, ಸಸ್ಪೆನ್ಶನ್ ಇವನ್ನೆಲ್ಲ ವಿಚಿತ್ರವಾಗಿ ಹೊಂದಿಸಿದರೆ ಅಂಕ ಹಾಕುವ ಲೆಕ್ಕಕ್ಕೆ ಆ ಕಾರು ನಿಧಾನ ಅಂತ ಕಾಣುತ್ತಿತ್ತು. ಹೀಗೆ ಅಂಕ ಇಳಿಸಿ 600 ಪಿಪಿಯ ರೇಸ್‌ಗಳಿಗೆ ನುಗ್ಗಿದರು. ಮನುಷ್ಯ ಆ ವಿಚಿತ್ರ ಹೊಂದಾಣಿಕೆಗೆ ಒಗ್ಗಿಕೊಂಡು ಓಡಿಸಬಲ್ಲ, ಲೆಕ್ಕಕ್ಕೆ ಅದು ಗೊತ್ತಾಗಲ್ಲ. ಆಟ ಮಾಡಿದ ಪಾಲಿಫೊನಿ ಡಿಜಿಟಲ್‌ನವರು ಅಪ್‌ಡೇಟ್‌ಗಳಲ್ಲಿ ಆ ಸಂದುಗಳನ್ನು ಮುಚ್ಚುತ್ತಾ ಬಂದರು. ನನ್ನ ಪ್ರಕಾರ ಇದು ಮತ್ತು ನಮ್ಮ ದೊಡ್ಡ ಹುಡುಗ ಮಾಡಿದ್ದು ಒಂದೇ ಅಲ್ಲ. ಟೊಮಾಹಾಕ್‌ನವರು ಲೆಕ್ಕಕ್ಕೆ ಸುಳ್ಳು ಹೇಳಿದರು. ಇವನು ನಿಜವನ್ನೇ ಹೇಳಿ, ಇರುವ ಅಂಕವನ್ನು ಜಾಣತನದಿಂದ ಖರ್ಚು ಮಾಡಿದ. ಎರಡಕ್ಕೂ ಕಳ್ಳತನ ಅಂತ ಒಂದೇ ಹೆಸರು ಇಟ್ಟರೆ, ಮುಂದೆ ನಿಯಮ ಓದುವವರೇ ಇರಲ್ಲ.

ಈ ಮಾತನ್ನ ಅಳಿಯನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಮಾಮಾ, ಅಂವ ಚೊಲೊ ಹೊಡೀತಾನ ಅಂತ ಗೆಲ್ತಾನೊ, ಕಾರ್ ಚೊಲೊ ಅದ ಅಂತ ಗೆಲ್ತಾನೊ?"

ಒಳ್ಳೆಯ ಪ್ರಶ್ನೆ. ಆಟ ತಯಾರಿಸುವವರ ತಲೆ ತಿನ್ನುವ ಪ್ರಶ್ನೆಯೂ ಇದೇ. ಕ್ಲಾಸ್‌ಗಳನ್ನು ಸರಿಪಡಿಸಲು ಅವರು ಲಕ್ಷಾಂತರ ಆಟಗಾರರ ಲ್ಯಾಪ್ ಟೈಮ್ ನೋಡಬಹುದು. ಆದರೆ ಒಂದು ಕಾರು ಪಟ್ಟಿಯ ತುದಿಯಲ್ಲಿ ಇದೆ ಅಂದ ಮಾತ್ರಕ್ಕೆ ಅದು ಅಂಕ ಮೀರಿದ ಕಾರು ಅಂತ ಹೇಳೋಕಾಗಲ್ಲ. ಚೆನ್ನಾಗಿ ಓಡಿಸುವವರೆಲ್ಲ ಆ ಕಾರನ್ನೇ ಹಿಡಿದಿರಬಹುದು. ಯಾರೂ ಮುಟ್ಟದ ಕಾರು ನಿಧಾನ ಅನ್ನೋಕೂ ಆಗಲ್ಲ, ಅದನ್ನ ಯಾರೂ ಸರಿಯಾಗಿ ಓಡಿಸಿಯೇ ಇಲ್ಲದಿರಬಹುದು.

ಇದಕ್ಕೆ ಉಪಾಯ ನೋಟ್‌ಬುಕ್‌ನಲ್ಲೇ ಇತ್ತು. ಎಂಟು ಹುಡುಗರು, ಎಂಟು ಕಾರು. ಪ್ರತಿಯೊಬ್ಬನೂ ಪ್ರತಿಯೊಂದು ಕಾರನ್ನೂ ಓಡಿಸಲಿ, ತಲಾ ಮೂರು ಲ್ಯಾಪ್. ಮೂರರಲ್ಲಿ ನಡುವಿನ ಟೈಮ್ ಬರೆಯೋದು. ತುಂಬಾ ಚೆನ್ನಾಗಿದ್ದದ್ದೂ ಬೇಡ, ಗೋಡೆಗೆ ಗುದ್ದಿದ್ದೂ ಬೇಡ. ಆಮೇಲೆ ಪ್ರತಿ ಹುಡುಗನ ಸರಾಸರಿ ತೆಗೆದು, ಅವನು ಪ್ರತಿ ಕಾರಿನಲ್ಲಿ ತನ್ನದೇ ಸರಾಸರಿಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಅಂತ ನೋಡೋದು. ಹೀಗೆ ಮಾಡಿದರೆ ಕೈಯ ಗುಣ ಬದಿಗೆ ಸರಿದು ಕಾರಿನ ಗುಣ ಉಳಿಯುತ್ತೆ. ಒಬ್ಬನೇ ಹುಡುಗ ಎರಡು ಕಾರಿನಲ್ಲಿ ಬೇರೆ ಬೇರೆ ಟೈಮ್ ಮಾಡಿದರೆ, ವ್ಯತ್ಯಾಸ ಕಾರಿನದ್ದೇ ಇರಬೇಕಲ್ಲ.

ಸಮಸ್ಯೆ ಏನಂದ್ರೆ ದೊಡ್ಡ ಹುಡುಗ ಬರದೆ ಪಟ್ಟಿ ಪೂರ್ತಿಯಾಗಲ್ಲ. ಅಳಿಯನೇ ಹೋಗಬೇಕಾಯಿತು. ಸಂಜೆ ಹೊತ್ತಿಗೆ ಅವನ ಮನೆಗೆ ಹೋದ. ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಇಬ್ಬರೂ ಒಟ್ಟಿಗೆ ಬಂದರು, ಅಕ್ಕ ಚಹಾ ಕೊಟ್ಟಳು, ಆಟ ಶುರುವಾಯಿತು.

ಎರಡು ರಾತ್ರಿ ಹಿಡಿಯಿತು. ನಡುವೆ ಕರೆಂಟ್ ಹೋಗಿದ್ದು ಲೆಕ್ಕಕ್ಕಿಲ್ಲ. ಈ ಆಟಕ್ಕೆ ಇಂಟರ್ನೆಟ್ ಇಲ್ಲದಿದ್ದರೆ ಗ್ಯಾರೇಜೇ ತೆರೆಯಲ್ಲ, ಹಾಗಾಗಿ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕಿಟಕಿಯಲ್ಲಿ ನೇತಾಡುತ್ತಿತ್ತು. ಪಟ್ಟಿ ಬಂದ ಮೇಲೆ ನೋಡಿದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ. ರೋಡ್‌ಸ್ಟರ್‌ನಲ್ಲಿ ಕೂತ ಪ್ರತಿಯೊಬ್ಬ ಹುಡುಗನೂ ಸುಕುಬಾದಲ್ಲಿ ತನ್ನ ಸರಾಸರಿಗಿಂತ ಮುಂದೆ ಹೋಗಿದ್ದ, ನಮ್ಮ ಅಳಿಯನೂ ಸೇರಿ. ಅಂದ್ರೆ ಕಾರಿಗೆ ಲಾಭ ಇದ್ದದ್ದು ನಿಜ. ಆದರೆ ದೊಡ್ಡ ಹುಡುಗ ಸ್ವಿಫ್ಟ್ ಓಡಿಸಿದಾಗಲೂ ಅಳಿಯನಿಗಿಂತ ಮುಂದೆಯೇ ಇದ್ದ. ಕೈಯೂ ಚೆನ್ನಾಗಿತ್ತು. ಆಮೇಲೆ ಲೆ ಮಾನ್ಸ್‌ನಲ್ಲಿ ಒಂದೊಂದು ಲ್ಯಾಪ್ ಹಾಕಿಸಿದೆ. ಅಲ್ಲಿ ರೋಡ್‌ಸ್ಟರ್ ಕೊನೆಯಿಂದ ಎರಡನೆಯದು, ಸ್ವಿಫ್ಟ್ ನಡುವೆ. ದೊಡ್ಡ ಹುಡುಗನೇ ನಕ್ಕ: "ಇಲ್ಲಿ ನಂದು ಎರಡ್ ಟ್ರಾಲಿ ಕಟ್ಟಿದಂಗ ಆತು ನೋಡ್ರಿ."

ಹಾಗಾದ್ರೆ ನಿಯಮ ಹೇಗೆ ತಿದ್ದೋದು? ಹುಡುಗರು ಮೊದಲು ಹೇಳಿದ್ದು, "ರೋಡ್‌ಸ್ಟರ್ ಬ್ಯಾನ್ ಮಾಡ್ರಿ" ಅಂತ. ಇದು ಎಲ್ಲಾ ಕಡೆ ಮೊದಲು ಬರುವ ಸಲಹೆ, ಕೆಟ್ಟ ಸಲಹೆ ಕೂಡ. ಒಂದು ಕಾರು ತೆಗೆದರೆ ಅದೇ ಉಪಾಯವನ್ನು ಇನ್ನೊಂದು ಹಗುರ ಕಾರಿಗೆ ಮಾಡ್ತಾರೆ. ಮುಂದಿನ ವಾರ ಅದನ್ನೂ ತೆಗೀಬೇಕು. ಬಾವಿ ತೋಡುತ್ತಾ ಹೋದ ಹಾಗೆ.

ಎರಡನೆಯದು, ಕ್ಲಾಸ್‌ಗಳನ್ನು ಸಣ್ಣದಾಗಿ ಒಡೆಯೋದು. ಹಿಂದಿನ ಗಾಲಿಯವು ಬೇರೆ, ಮುಂದಿನ ಗಾಲಿಯವು ಬೇರೆ, ಹಗುರದವು ಬೇರೆ. ಅಳಿಯನಿಗೆ ಇದು ಇಷ್ಟ. ಆದರೆ ಎಂಟು ಜನರಲ್ಲಿ ಮೂರು ಕ್ಲಾಸ್ ಮಾಡಿದರೆ ಒಂದೊಂದರಲ್ಲಿ ಇಬ್ಬರು, ಮೂವರು. ಬಂದವರಿಗೆಲ್ಲ ಬಹುಮಾನ. ಆನ್‌ಲೈನ್ ಆಟಗಳಲ್ಲೂ ಇದೇ ಕಷ್ಟ. ಕ್ಲಾಸ್ ಹೆಚ್ಚಾದಷ್ಟೂ ಒಂದೊಂದರಲ್ಲಿ ಆಡೋಕೆ ಸಿಗುವ ಜನ ಕಡಿಮೆ, ಕಾಯೋದು ಜಾಸ್ತಿ. ಕ್ಲಾಸ್ ಎಷ್ಟು ಸಣ್ಣದು ಮಾಡಿದರೂ ಅದಕ್ಕೊಂದು ಮೇಲಿನ ಗೆರೆ ಇದ್ದೇ ಇರುತ್ತೆ, ಎಲ್ಲರೂ ಆ ಗೆರೆಗೆ ತಲೆ ತಾಗಿಸಿಯೇ ಕಾರು ಕಟ್ತಾರೆ. 800ರ ಕ್ಲಾಸ್‌ನಲ್ಲಿ 760ರ ಕಾರು ತಂದವನಿಗೆ ಗೆರೆ ಗೊತ್ತಿಲ್ಲ ಅಂತಲೇ ಅರ್ಥ.

ಮೂರನೆಯದು ನಿಜವಾದ ರೇಸ್‌ಗಳಲ್ಲಿ ನಡೆಯೋದು. ಜಿಟಿ3 ಅನ್ನೋ ವಿಭಾಗದಲ್ಲಿ ಪೋರ್ಷೆ, ಫೆರಾರಿ, ಮರ್ಸಿಡಿಸ್, ಬಿಎಂಡಬ್ಲ್ಯು ಎಲ್ಲಾ ಒಟ್ಟಿಗೆ ಓಡ್ತವೆ. ಎಂಜಿನ್ ಬೇರೆ, ಮೈ ಬೇರೆ. ಅಲ್ಲಿ ಸಂಘಟಕರು ಯಾವ ಕಾರಿಗೆ ಎಷ್ಟು ಕೆಜಿ ಹೆಚ್ಚುವರಿ ತೂಕ, ಎಂಜಿನ್‌ಗೆ ಗಾಳಿ ಎಷ್ಟು ಬಿಡಬೇಕು ಅಂತ ಪಟ್ಟಿ ಹೊರಡಿಸ್ತಾರೆ. ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಅಂತ ಅದರ ಹೆಸರು. ಟ್ರ್ಯಾಕ್ ಬದಲಾದರೆ ಪಟ್ಟಿಯೂ ಬದಲಾಗಬಹುದು. ಗ್ರ್ಯಾನ್ ಟ್ಯುರಿಸ್ಮೊದ ಆನ್‌ಲೈನ್ ರೇಸ್‌ಗಳಲ್ಲೂ ಈ ವ್ಯವಸ್ಥೆ ಇದೆ. ಕೆಲಸ ಮಾಡುತ್ತೆ, ಆದರೆ ಕಾರು ಕಟ್ಟುವ ಜಾಣತನಕ್ಕೆ ಅಲ್ಲಿ ಬೆಲೆ ಕಡಿಮೆ. ಟೈರಿಗೆ ಅಂಕ ಖರ್ಚು ಮಾಡುವ ಯೋಚನೆಯೇ ಹುಟ್ಟಲ್ಲ. ನನಗೆ ಅದು ನಷ್ಟ ಅನಿಸುತ್ತೆ.

ಕೊನೆಗೆ ನೋಟ್‌ಬುಕ್‌ನಲ್ಲಿ ಬರೆದದ್ದು ಹೀಗೆ. ಅಂಕದ ಮಿತಿ 450 ಹಾಗೇ ಇರಲಿ. ಟೈರ್ ಎಲ್ಲರದ್ದೂ ಒಂದೇ, ಗಟ್ಟಿ ಸ್ಪೋರ್ಟ್ಸ್. ಯಾಕಂದ್ರೆ ಈ ಅಂಕ ಸರಿಯಾಗಿ ಅಳೆಯದೆ ಬಿಟ್ಟಿದ್ದು ಬಹುಪಾಲು ಟೈರನ್ನೇ ಅಂತ ಪಟ್ಟಿ ಹೇಳಿತ್ತು. ಟ್ರ್ಯಾಕ್ ಎರಡು, ಸುಕುಬಾ ಮತ್ತು ಲೆ ಮಾನ್ಸ್. ಕಾರು ಒಂದೇ, ನಡುವೆ ಸೆಟ್ಟಿಂಗ್ ಬದಲಿಸೋ ಹಾಗಿಲ್ಲ. ಎರಡೂ ಕಡೆಯ ಸ್ಥಾನ ಕೂಡಿಸಿ ಗೆದ್ದವನು ಯಾರು ಅಂತ ನೋಡೋದು, ಸಮಯ ಕೂಡಿಸಬಾರದು. ಸಮಯ ಕೂಡಿಸಿದರೆ ಉದ್ದನೆಯ ಟ್ರ್ಯಾಕೇ ಎಲ್ಲಾ ತೀರ್ಮಾನ ಮಾಡಿಬಿಡುತ್ತೆ. ಈ ಕೊನೆಯ ತಿದ್ದುಪಡಿ ಹೇಳಿದ್ದು ಹನ್ನೆರಡರ ಒಬ್ಬ ಹುಡುಗ, ಅಲ್ಲಿವರೆಗೆ ಬಾಯಿ ಬಿಟ್ಟವನಲ್ಲ.

ದೊಡ್ಡ ಹುಡುಗ ಒಂದು ಷರತ್ತು ಹಾಕಿದ. "ಹಳೇ ಟೈಮ್ ಅಳಸಬ್ಯಾಡ್ರಿ. ಆ ನಿಯಮದಾಗ ನಾ ಗೆದ್ದೀನಿ, ಅದು ಹಂಗೇ ಇರ್ಲಿ." ನ್ಯಾಯವಾದ ಮಾತು. ಅಂಕದ ಸೂತ್ರ ಬದಲಾದಾಗ ಹಳೆಯ ದಾಖಲೆ ಏನು ಮಾಡೋದು ಅನ್ನೋದು ದೊಡ್ಡ ಕಂಪನಿಗಳಿಗೂ ತಲೆನೋವು. 2024ರ ಜುಲೈನಲ್ಲಿ ಗ್ರ್ಯಾನ್ ಟ್ಯುರಿಸ್ಮೊ 7ರ 1.49 ಅಪ್‌ಡೇಟ್ ಕಾರು ಓಡುವ ರೀತಿಯನ್ನೇ ತಿದ್ದಿತು. ಅದರ ಜೊತೆ ಕಾರುಗಳ ಪಿಪಿಯೂ ಬದಲಾಯಿತು, ನಿನ್ನೆಯವರೆಗೆ ಮಿತಿಯೊಳಗಿದ್ದ ಕಾರು ಇವತ್ತು ಹೊರಗೆ. ಅದೇ ಅಪ್‌ಡೇಟ್‌ನಲ್ಲಿ ಕೆಲವು ಕಾರುಗಳು ನಿಂತಲ್ಲೇ ಚೆಂಡಿನ ಹಾಗೆ ಕುಪ್ಪಳಿಸಿ ಆಕಾಶಕ್ಕೆ ಹಾರುತ್ತಿದ್ದವು, ಆ ವಿಡಿಯೊಗಳನ್ನು ನೀವೂ ನೋಡಿರಬಹುದು. ಬೇಗನೇ ಸರಿಪಡಿಸಿದರು. ನಮ್ಮ ನೋಟ್‌ಬುಕ್‌ನಲ್ಲಿ ಹಳೆಯ ಪುಟದ ಮೇಲೆ 'ಒಂದನೇ ನಿಯಮ' ಅಂತ ಬರೆದು, ಹೊಸ ಪುಟ ತಿರುವಿದರು. ಎಂಟುನೂರು ರೂಪಾಯಿಯಲ್ಲಿ ನಾನೂರು ಹಳೇ ಪುಟದ ಗೆದ್ದವನಿಗೆ, ನಾನೂರು ಹೊಸ ಪುಟಕ್ಕೆ.

ಹೊಸ ಪುಟದಲ್ಲಿ ಗೆದ್ದದ್ದು ಇಬ್ಬರೂ ಅಲ್ಲ, ಆ ಹನ್ನೆರಡರ ಹುಡುಗ. ಹಳೆಯದೊಂದು ಹೋಂಡಾ ಇಟ್ಟುಕೊಂಡು ಎರಡೂ ಕಡೆ ಎರಡನೇ ಸ್ಥಾನ ಬಂದಿದ್ದ. ದೊಡ್ಡ ಹುಡುಗ ಮೂರನೆಯವನು. ನಮ್ಮ ಅಳಿಯ ಐದನೆಯವನು. ಸ್ವಿಫ್ಟ್ ಬಿಟ್ಟು ಬೇರೆ ಕಾರು ತಗೋ ಅಂತ ಎಲ್ಲರೂ ಹೇಳಿದರು, ತಗೊಳ್ಳಲಿಲ್ಲ.

ಕಳೆದ ವಾರ ಫೋನ್ ಮಾಡಿದ್ದ. ಆಟದಲ್ಲಿ ಬ್ಯಾಲಸ್ಟ್ ಅಂತ ತೂಕ ಸೇರಿಸಬಹುದು, ಅದನ್ನು ಕಾರಿನ ಮುಂದೆ ಇಡಬಹುದು, ಹಿಂದೆಯೂ ಇಡಬಹುದು. ಮುಂದಿನ ಗಾಲಿ ಜಾರೋ ಕಾರಿಗೆ ತೂಕ ಎಲ್ಲಿಟ್ಟರೆ ಚೆನ್ನ ಅಂತ ಅವನ ಪ್ರಶ್ನೆ. ನನಗೆ ಅನ್ನಿಸಿದ್ದು ಹೇಳಿದೆ. ಮುಂದೆ ಇಟ್ಟರೆ ಎಳೆಯುವಾಗ ಹಿಡಿತ ಬರುತ್ತೆ, ಆದರೆ ತಿರುಗೋಕೆ ಮೊಂಡು ಹಿಡಿಯುತ್ತೆ. ಎರಡೂ ಹಾಕಿ ನೋಡು, ಬರೆದಿಡು. "ಬರದೀನಿ ಮಾಮಾ" ಅಂದ. "ಅಣ್ಣ ಬ್ಯಾರೆ ಹೇಳ್ತಾನ. ಟ್ರ್ಯಾಕ್ಟರಿಗಿ ಮುಂದ್ ವಜ್ಜಿ ಇಡೋದು ಮುಂದಿನ ಗಾಲಿ ಮ್ಯಾಲ ಏಳಬಾರದು ಅಂತ, ನಿಂದು ಏಳೋ ಕಾರಲ್ಲ, ಸುಮ್ ತೂಕ ಯಾಕ ಹೊರ್ತಿ ಅಂತಾನ."

ಯಾರು ಹೇಳಿದ್ದು ಸರಿ ಅಂತ ಸಂಕ್ರಾಂತಿಗೆ ಊರಿಗೆ ಹೋದಾಗ ನೋಟ್‌ಬುಕ್ ನೋಡಿ ಹೇಳ್ತೀನಿ. ನಿಮ್ಮೂರಿನಲ್ಲೂ ಇಂಥ ಆಟ ನಡೆಯುತ್ತಿದ್ದರೆ, ನೀವು ಮಾಡಿಕೊಂಡ ನಿಯಮ ಏನು ಅಂತ ನಮಗೆ ಬರೆದು ಕಳಿಸಿ.